ಅಭಿಪ್ರೇರಣೆ ಅಂದ್ರೇನು? ‘ಓದು’ಗೂ ‘ಓದಿಸು’ಗೂ ಇರೋ ದೂರ

ಡಿಎಡ್, ಬಿಎಡ್ ಮಾಡಿದವರಿಗೆ, ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ತಯಾರಿ ಮಾಡ್ತಿರೋರಿಗೆ ಈ ಪದ ಬಾಯಿಪಾಠ ಆಗಿರುತ್ತೆ, ಅಭಿಪ್ರೇರಣೆ. ಮೋಟಿವೇಶನ್ ಅಂತಾರಲ್ಲ ಅದೇ. ಎರಡು ವಿಧ, ಆಂತರಿಕ ಮತ್ತು ಬಾಹ್ಯ, ಒಂದೊಂದಕ್ಕೆ ಒಂದೊಂದು ಉದಾಹರಣೆ ಬರೆದ್ರೆ ಮಾರ್ಕ್ಸ್ ಬಂತು. ನಾನೂ ಹಂಗೇ ಓದಿ ಪಾಸಾಗಿದ್ದು. ಆದ್ರೆ ಸರ್ಕಾರಿ ಶಾಲೇಲಿ ಹದಿನಾಲ್ಕು ವರ್ಷ, ಒಂದನೇ ಕ್ಲಾಸಿಂದ ಎಂಟನೇ ಕ್ಲಾಸ್‌ವರೆಗೂ ಪಾಠ ಮಾಡಿದ್ಮೇಲೆ ನನಗನ್ನಿಸೋದು, ಈ ಪದದ ಅರ್ಥ ಮನೋವಿಜ್ಞಾನದ ಗೈಡಿಗಿಂತ ನಮ್ಮ ಕನ್ನಡ ವ್ಯಾಕರಣದಲ್ಲೇ ಚೆನ್ನಾಗಿ ಸಿಗುತ್ತೆ.

ಪ್ರೇರಣಾರ್ಥಕ ಕ್ರಿಯಾಪದ ನೆನಪಿದ್ಯಾ? ಧಾತುಗೆ, ಅಂದ್ರೆ ಕ್ರಿಯಾಪದದ ಮೂಲರೂಪಕ್ಕೆ, ‘ಇಸು’ ಸೇರಿಸೋದು. ಮಾಡು ಇದ್ದದ್ದು ಮಾಡಿಸು ಆಗುತ್ತೆ, ಕಲಿ ಇದ್ದದ್ದು ಕಲಿಸು, ಓದು ಇದ್ದದ್ದು ಓದಿಸು. ‘ಓದು’ ಅನ್ನೋ ಕೆಲಸದಲ್ಲಿ ಮಗು ಒಂದೇ ಇರುತ್ತೆ, ‘ಓದಿಸು’ ಅಂದ ತಕ್ಷಣ ಅದರ ಬೆನ್ನ ಹಿಂದೆ ಇನ್ಯಾರೋ ಬಂದು ನಿಂತ್ಕೊಂಡ್ರು. ಬಾಹ್ಯ ಅಭಿಪ್ರೇರಣೆ ಅಂದ್ರೆ ಈ ‘ಇಸು’, ಅದು ಬೆತ್ತ ಇರಬಹುದು, ಚಾಕಲೇಟ್ ಇರಬಹುದು, ರ‍್ಯಾಂಕ್ ಇರಬಹುದು. ಆಂತರಿಕ ಅಂದ್ರೆ ‘ಇಸು’ ಇಲ್ಲದೇನೇ ನಡೆಯೋ ಓದು. ಪ್ರೇರಣೆ ಅನ್ನೋ ಸಂಸ್ಕೃತ ಪದಕ್ಕೂ ಮೂಲದಲ್ಲಿ ಮುಂದಕ್ಕೆ ತಳ್ಳೋದು ಅಂತಲೇ ಅರ್ಥ. ತಳ್ತಿರೋದು ಹೊರಗಡೆಯವರಾ ಒಳಗಿನದಾ ಅನ್ನೋದೊಂದೇ ಪ್ರಶ್ನೆ.

ಪೋಷಕರ ಸಭೇಲಿ ಪ್ರತಿ ಸಲ ಕೇಳೋ ಮಾತು, “ನಮ್ಮ ಹುಡುಗನಿಗೆ ಇಂಟರೆಸ್ಟೇ ಇಲ್ಲ ಮಿಸ್.” ಅದೇ ಹುಡುಗ ಕೆರೆ ಏರಿ ಮೇಲೆ ಹೋಗೋ ಟ್ರ್ಯಾಕ್ಟರ್ ಸದ್ದು ಕೇಳೇ ಅದು ಯಾರ ಮನೇದು ಅಂತ ಹೇಳ್ತಾನೆ, ಯಾರೂ ಅವನಿಗೆ ಅದನ್ನ ಕಲಿಸಿಲ್ಲ, ಅವನೇ ಕಲ್ತಿದ್ದು. ಅಭಿಪ್ರೇರಣೆ ಕೆಲವರಲ್ಲಿ ತುಂಬಿರುತ್ತೆ ಕೆಲವರಲ್ಲಿ ಖಾಲಿ ಇರುತ್ತೆ ಅಂತ ಅನ್ಕೊಳ್ಳೋದು ತಪ್ಪು, ಕೇಳಬೇಕಾಗಿರೋದು ಯಾವುದರ ಕಡೆಗೆ, ಯಾತಕ್ಕೋಸ್ಕರ ಅಂತ. ಮತ್ತೆ ಈ ‘ಯಾತಕ್ಕೋಸ್ಕರ’ ವಯಸ್ಸಿಗೆ ತಕ್ಕಂಗೆ ಬದಲಾಗ್ತಾ ಹೋಗುತ್ತೆ.

ಚಿಕ್ಕ ಮಕ್ಕಳಿಂದ ಶುರು ಮಾಡೋಣ. ಐದಾರು ವರ್ಷದ ಮಗುಗೆ ಕೆಲಸನೇ ಖುಷಿ. ಸ್ಲೇಟ್ ಮೇಲೆ ‘ರ’ ಬರೆದು ಓಡಿ ಬಂದು “ಮಿಸ್ ನೋಡಿ” ಅನ್ನುತ್ತಲ್ಲ, ಅದು ಬಹುಮಾನ ಕೇಳ್ತಿಲ್ಲ, ನಾವು ನೋಡಬೇಕು ಅಷ್ಟೇ. 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಲ್ಲಿ ಶುರುವಾದ ನಲಿ-ಕಲಿ ಅನ್ನೋ ಚಟುವಟಿಕೆ ಪದ್ಧತಿ ಈ ಗುಟ್ಟನ್ನ ಚೆನ್ನಾಗಿ ಹಿಡ್ಕೊಂಡಿತ್ತು. ಗೋಡೆ ಮೇಲೆ ಕಲಿಕಾ ಏಣಿ, ಕಾರ್ಡ್ ಮೇಲೆ ಪ್ರಾಣಿ ಪಕ್ಷಿ ಚಿತ್ರ, ಮಗು ತಾನು ಯಾವ ಮೆಟ್ಟಿಲಲ್ಲಿದೀನಿ ಅಂತ ತಾನೇ ನೋಡ್ಕೊಂಡು ಮುಂದಿನ ಕಾರ್ಡ್ ತಗೊಳ್ಳುತ್ತೆ, ಪಕ್ಕದವರ ಜೊತೆ ಓಟ ಇಲ್ಲ, ತನ್ನ ವೇಗ ತನಗೆ. ಎಲ್ಲಾ ಕಡೆ ಅದು ಅಂದ್ಕೊಂಡಂಗೆ ನಡೆದಿಲ್ಲ ಅನ್ನೋದು ಬೇರೆ ವಿಷಯ, ಆದ್ರೆ ಒಂದು ಮೆಟ್ಟಿಲು ಹತ್ತಿದ ಮಗುವಿನ ಮುಖ ನಾನು ಕಣ್ಣಾರೆ ನೋಡಿದೀನಿ.

ಈ ವಯಸ್ಸಲ್ಲಿ ನಾವು ಮಾಡೋ ದೊಡ್ಡ ತಪ್ಪು ಬೇಡದೇ ಇರೋ ಕಡೆ ‘ಇಸು’ ಸೇರಿಸೋದು. ನಾನೇ ಒಂದು ವರ್ಷ ಲೈಬ್ರರಿ ಪುಸ್ತಕ ಒಂದು ಓದಿದ್ರೆ ಒಂದು ಸ್ಟಾರ್ ಸ್ಟಿಕರ್ ಅಂತ ಮಾಡಿದ್ದೆ. ಮೊದಲೇ ಪುಸ್ತಕದ ಹುಚ್ಚು ಹತ್ತಿದ್ದ ಹುಡುಗಿ ಒಬ್ಬಳಿದ್ಲು ಮೂರನೇ ಕ್ಲಾಸಲ್ಲಿ, ಊಟದ ಬೆಲ್ ಹೊಡೆದ್ರೂ ಏಳ್ತಿರಲಿಲ್ಲ. ಸ್ಟಿಕರ್ ಬಂದ ಮೇಲೆ ಅವಳು ತೆಳು ಪುಸ್ತಕ ಹುಡುಕೋಕೆ ಶುರು ಮಾಡಿದ್ಲು. ಸ್ಟಿಕರ್ ಖಾಲಿಯಾದ ವಾರ “ಇವತ್ತು ಸ್ಟಾರ್ ಇದ್ಯಾ ಮಿಸ್” ಅಂತ ಕೇಳಿ, ಇಲ್ಲ ಅಂದಿದ್ದಕ್ಕೆ ಪುಸ್ತಕ ವಾಪಸ್ ಇಟ್ಟು ಹೋದ್ಲು. ಅದು ನನಗೆ ಇವತ್ತಿಗೂ ಬೇಜಾರು. ಆಮೇಲೆ ಗೊತ್ತಾಗಿದ್ದು, ಇದನ್ನೇ 1973ರಲ್ಲಿ ಅಮೆರಿಕದಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಮನೋವಿಜ್ಞಾನಿಗಳು ಪರೀಕ್ಷೆ ಮಾಡಿ ತೋರಿಸಿದ್ರು ಅಂತ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ನರ್ಸರಿ ಶಾಲೇಲಿ ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದಂದ್ರೆ ಇಷ್ಟ ಇದ್ದ ಮಕ್ಕಳನ್ನೇ ಆರಿಸ್ಕೊಂಡು, ಕೆಲವರಿಗೆ ಚಿತ್ರ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದ್ರು, ಇನ್ನು ಕೆಲವರಿಗೆ ಹೇಳದೆ ಕೊನೇಲಿ ಕೊಟ್ರು, ಉಳಿದವರಿಗೆ ಏನೂ ಇಲ್ಲ. ಆಮೇಲೆ ಬಿಡುವಿನ ಟೈಮಲ್ಲಿ ನೋಡಿದ್ರೆ ಮೊದಲೇ ಹೇಳಿಸ್ಕೊಂಡ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೀತಿದ್ರು. ಗಮನಿಸಿ, ಹೇಳದೆ ಕೊಟ್ಟ ಬಹುಮಾನದಿಂದ ಏನೂ ಹಾಳಾಗಲಿಲ್ಲ. ಹಾಳು ಮಾಡಿದ್ದು ‘ಇದು ಮಾಡಿದ್ರೆ ಅದು ಕೊಡ್ತೀನಿ’ ಅನ್ನೋ ಕರಾರು.

ನಾಲ್ಕು, ಐದನೇ ಕ್ಲಾಸಿಗೆ ಬರೋ ಹೊತ್ತಿಗೆ ಮಗು ಪಕ್ಕದವರನ್ನ ನೋಡೋಕೆ ಕಲ್ತಿರುತ್ತೆ. ನನಗೆ ಬರುತ್ತಾ ಬರಲ್ವಾ ಅನ್ನೋ ಲೆಕ್ಕ ಇಲ್ಲಿ ಶುರು. ಭಾಗಾಕಾರ ಬರದೇ ಇರೋ ಹುಡುಗ “ನನಗೆ ಲೆಕ್ಕ ಇಷ್ಟ ಇಲ್ಲ” ಅಂದ್ರೆ ಅದು ಇಷ್ಟದ ಮಾತಲ್ಲ, ಮರ್ಯಾದೆ ಉಳಿಸ್ಕೊಳ್ಳೋ ಮಾತು. ಅವನಿಗೆ ಭಾಷಣ ಬೇಡ, ಅವನ ಕೈಲಿ ಆಗೋ ಒಂದು ಲೆಕ್ಕ ಬೇಕು.

ಹೈಸ್ಕೂಲ್ ವಯಸ್ಸು ಇನ್ನೂ ಕಷ್ಟ. ಎಂಟನೇ ಕ್ಲಾಸಿಗೆ ಬಂದ್ಮೇಲೆ ಕೈ ಎತ್ತೋರೇ ಕಮ್ಮಿ, ಉತ್ತರ ಗೊತ್ತಿದ್ರೂ ಎತ್ತಲ್ಲ, ಯಾಕಂದ್ರೆ ಈಗ ನೋಡೋ ಕಣ್ಣು ಮಿಸ್‌ದಲ್ಲ, ಹಿಂದಿನ ಬೆಂಚಿಂದು. “ಇದನ್ನ ಕಲ್ತು ಏನಾಗುತ್ತೆ” ಅಂತ ಕೇಳೋದೂ ಈಗಲೇ, ಅದನ್ನ ನಾವು ಅಧಿಕಪ್ರಸಂಗ ಅಂತೀವಿ, ನಿಜಕ್ಕೂ ಅದು ಒಳ್ಳೇ ಪ್ರಶ್ನೆ. 1989ರಲ್ಲಿ ಎಕಲ್ಸ್ ಮತ್ತು ಮಿಡ್ಗ್ಲಿ ಅನ್ನೋ ಸಂಶೋಧಕರು ಹೇಳಿದ ಮಾತು ನಮ್ಮ ಕಡೆಗೂ ಸರಿಯಾಗಿ ಹೊಂದುತ್ತೆ: ಮಗು ಸ್ವಲ್ಪ ಸ್ವಾತಂತ್ರ್ಯ ಬೇಕು ಅನ್ನೋ ವಯಸ್ಸಿಗೆ ಸರಿಯಾಗಿ ಶಾಲೆ ಹಗ್ಗ ಬಿಗಿ ಮಾಡುತ್ತೆ, ಆಸಕ್ತಿ ಇಳಿಯೋದಕ್ಕೆ ಇದೂ ಒಂದು ಕಾರಣ. ಎಸ್ಸೆಸ್ಸೆಲ್ಸಿ ವರ್ಷದ ಸ್ಪೆಷಲ್ ಕ್ಲಾಸ್, ಬೆಳಗ್ಗೆ ಬೇಗ ಎಬ್ಬಿಸೋಕೆ ಫೋನ್, ಎಲ್ಲಾ ‘ಇಸು’ನೇ.

ಇಲ್ಲಿ ಗೈಡಲ್ಲಿ ಸರಿಯಾಗಿ ಬರೆಯದೇ ಬಿಡೋ ಒಂದು ವಿಷಯ ಇದೆ. ಡೆಸಿ ಮತ್ತು ರಯಾನ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಆಂತರಿಕ, ಬಾಹ್ಯ ಎರಡರ ಮಧ್ಯೆ ಇನ್ನೂ ಮೆಟ್ಟಿಲುಗಳಿವೆ ಅಂತ ಹೇಳಿದಾರೆ. ಹೊರಗಿನ ಒತ್ತಡನ ಮಗು ನುಂಗಿ ಒಳಗೇ ಇಟ್ಕೊಂಡುಬಿಡುತ್ತೆ, “ಅಪ್ಪ ಅಷ್ಟು ಕಷ್ಟಪಟ್ಟು ಓದಿಸ್ತಿದಾರೆ, ನಾನು ಫೇಲ್ ಆದ್ರೆ ಮುಖ ಹೆಂಗೆ ತೋರಿಸ್ಲಿ” ಅಂತ. ಯಾರೂ ಹೇಳದೆನೇ ಕೂತು ಓದುತ್ತೆ, ನೋಡೋರಿಗೆ ಸ್ವಂತ ಆಸೆ ತರ ಕಾಣುತ್ತೆ, ಆದ್ರೆ ಒಳಗಿರೋದು ಭಯ ಮತ್ತು ಗಿಲ್ಟ್. ನಮ್ಮ ಮನೆಗಳಲ್ಲಿ ಪಿಯುಸಿ ಮಕ್ಕಳು ಎಷ್ಟೋ ಜನ ಈ ಮೆಟ್ಟಿಲಲ್ಲೇ ನಿಂತಿರ್ತಾರೆ, ದಯವಿಟ್ಟು ಇದನ್ನ ಆಂತರಿಕ ಅಭಿಪ್ರೇರಣೆ ಅಂತ ತಿಳ್ಕೋಬೇಡಿ. ಇದರ ಮುಂದಿನ ಮೆಟ್ಟಿಲು ಬೇರೆ, “ಕೆಮಿಸ್ಟ್ರಿ ನನಗೆ ಖುಷಿ ಕೊಡಲ್ಲ, ಆದ್ರೆ ನರ್ಸಿಂಗ್ ಮಾಡೋಕೆ ಬೇಕು, ಅದಕ್ಕೆ ಓದ್ತೀನಿ” ಅಂತ ಒಬ್ಬ ಹುಡುಗಿ ಅನ್ನೋದು. ಇದೂ ಪೂರ್ತಿ ಆಂತರಿಕ ಅಲ್ಲ, ಆದ್ರೆ ಆರೋಗ್ಯವಾಗಿದೆ, ಕಾರಣ ಅವಳದೇ. ಮೇಲಕ್ಕೆ ಹತ್ತೋಕೆ ಮೂರು ಬೇಕು ಅಂತಾರೆ ಡೆಸಿ, ರಯಾನ್: ಸ್ವಲ್ಪ ನನ್ನ ಆಯ್ಕೆ, ನನ್ನ ಕೈಲಿ ಆಗುತ್ತೆ ಅನ್ನೋ ಧೈರ್ಯ, ಜೊತೆಗೆ ನನ್ನೋರು ಅಂತ ಯಾರಾದ್ರೂ.

ದೊಡ್ಡವರ ಕಲಿಕೆ ಇನ್ನೊಂದೇ ತರ, ಅವರಿಗೆ ಕಲ್ತಿದ್ದು ಇವತ್ತಿನ ಕೆಲಸಕ್ಕೆ ಬರಬೇಕು. ವಯಸ್ಕರ ಕಲಿಕೆ ಬಗ್ಗೆ ಬರೆದ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ್ದೂ ಇದನ್ನೇ. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ತಗೊಂಡ್ರು, ಅವರಿಗೆ ಯಾವ ಕೆಲಸ ಸಿಗಬೇಕಿತ್ತು ಹೇಳಿ, ಹಂಗಾಗಿ ಈ ನಿಯಮಕ್ಕೂ ಹೊರತು ಇದ್ದೇ ಇದೆ.

ಆದ್ರೆ ನಾನು ಹತ್ತಿರದಿಂದ ನೋಡಿದ್ದು ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಅಕ್ಕನ್ನ. ಬ್ಯಾಂಕಲ್ಲಿ ಹೆಬ್ಬೆಟ್ಟು ಒತ್ತೋವಾಗ ಹಿಂದೆ ನಿಂತಿದ್ದೋರು ಏನೋ ಅಂದ್ರಂತೆ, ಮಾರನೇ ದಿನ ಬಂದು “ಸೈನ್ ಹಾಕೋದು ಹೇಳ್ಕೊಡಿ ಮಿಸ್ಸೇ” ಅಂದ್ರು. ನಾನು ಅ ಆ ಇ ಈ ಚಾರ್ಟ್ ತೆಗೆದೆ. ಅವರು ಬೇಡ ಅಂದ್ರು. “ನನ್ ಹೆಸರಲ್ಲಿರೋದು ಮಾತ್ರ ಹೇಳ್ಕೊಡಿ.” ಅವರ ಹೆಸರಲ್ಲಿ ‘ಕ್ಷ್ಮಿ’ ಇದೆ. ಒಂದನೇ ಕ್ಲಾಸ್ ಮಕ್ಕಳಿಗೆ ನಾವು ವರ್ಷಗಟ್ಟಲೆ ಮುಂದಕ್ಕೆ ಹಾಕೋ ಅಕ್ಷರ ಅದು, ಒತ್ತಿನ ಮೇಲೆ ಒತ್ತು. ಮೊರದಲ್ಲಿ ಅಕ್ಕಿಹಿಟ್ಟು ಹರಡ್ಕೊಂಡು, ಸಾರು ಕುದಿಯೋವರೆಗೂ ಬೆರಳಲ್ಲಿ ಬರೆಯೋದು, ಅಳಿಸೋದು, ಮತ್ತೆ ಬರೆಯೋದು. ಹನ್ನೊಂದು ದಿನ ಹಿಡೀತು. ‘ಕ್ಷ್ಮಿ’ ಬಂದ್ಮೇಲೆ “ಮಿಕ್ಕಿದ್ದೆಲ್ಲಾ ಸಸಾರ” ಅಂದ್ರು. ಈಗ ಬೇಳೆ ಮೂಟೆ ಮೇಲಿರೋ ‘ತೊಗರಿ’ ಓದ್ತಾರೆ, ಅದನ್ನ ನಾನು ಹೇಳ್ಕೊಟ್ಟಿಲ್ಲ.