ಫ್ಯೂಸಾ ಬ್ರೇಕರಾ ಅಂತ ಕೇಳುವ ಮೊದಲು ವಯರ್ ಎಷ್ಟು ದಪ್ಪ ಅಂತ ಹೇಳಿ

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರುವಾಗಲೇ ಮಲ್ಪೆಯಲ್ಲಿ ಬೋಟುಗಳ ರಿಪೇರಿ ಎಲ್ಲ ಆಗುದು. ಬಣ್ಣ ಆಯ್ತು, ಇಂಜಿನ್ ಆಯ್ತು, ಬಲೆ ಆಯ್ತು, ಎಲ್ಲ ಮುಗಿದು ಇನ್ನು ನಾಲ್ಕು ದಿನಕ್ಕೆ ಹೊರಡ್ಬೇಕು ಅನ್ನುವಾಗ ವಯರಿಂಗ್ ನೆನಪಾಗುದು. ಆಗ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ, "ಅಣ್ಣ, ಫ್ಯೂಸ್ ತೆಗ್ದು ಬ್ರೇಕರ್ ಹಾಕ್ಬಹುದಾ? ಫ್ಯೂಸ್ ಹೋಗಿ ಹೋಗಿ ಸಾಕಾಯ್ತು."

ಹಾಕ್ಬಹುದು. ಸರಿಯಾದ ಬ್ರೇಕರ್ ಆದ್ರೆ ಧಾರಾಳ ಹಾಕ್ಬಹುದು. ಆದ್ರೆ ಫ್ಯೂಸ್ ಯಾಕೆ ಹೋಗ್ತಾ ಉಂಟು, ಆ ಲೈನಿನ ವಯರ್ ಎಷ್ಟು ಸ್ಕ್ವೇರ್ ಎಂಎಂ ಅಂದ್ರೆ ಎಷ್ಟು ದಪ್ಪ, ಎಷ್ಟು ಮೀಟರ್ ಓಡಿದೆ ಅಂತ ನಾನು ತಿರುಗಿ ಕೇಳಿದ್ರೆ ಆ ಕಡೆಯಿಂದ ಮಾತೇ ಇಲ್ಲ. ಲೈನಿನ ಫ್ಯೂಸಾಗ್ಲಿ ಬ್ರೇಕರಾಗ್ಲಿ ಇರುದು ವಯರನ್ನು ಕಾಯ್ಲಿಕ್ಕೆ. ಲೈಟಿಗಲ್ಲ, ಫಿಶ್ ಫೈಂಡರಿಗಲ್ಲ, ವಯರಿಗೆ. ಅದರ ಮೇಲೆ ಎಷ್ಟು ಆಂಪ್ ಅಂತ ಬರೆದಿರ್ಬೇಕು ಅನ್ನುದನ್ನು ವಯರ್ ತೀರ್ಮಾನ ಮಾಡುದು, ನಿಮ್ಮ ಸಿಟ್ಟು ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ರೂ ಧಣಿಗಳ ತಲೆಗೆ ಹೋಗುದಿಲ್ಲ, ಬೋಟ್ ನಡೆಸುವ ತಾಂಡೇಲರಿಗೆ ಹೋಗುದಿಲ್ಲ, ಕೆಲವು ಎಲೆಕ್ಟ್ರಿಷಿಯನ್ನುಗಳಿಗೂ ಹೋಗುದಿಲ್ಲ, ಹಾಗಾಗಿ ಇವತ್ತು ಲೆಕ್ಕ ಹಾಕಿಯೇ ತೋರಿಸ್ತೇನೆ.

ಒಂದು ಬೋಟಿನ ಕಥೆ ಮೊದಲು. ಮಾಸ್ಟ್ ಅಂದ್ರೆ ಬೋಟಿನ ಕಂಬದ ಲೈಟಿನ ಫ್ಯೂಸ್ 5 ಆಂಪ್‌ದು ಇತ್ತು, ಹೋಗ್ತಾ ಇತ್ತು. ತಾಂಡೇಲರು ಒಳ್ಳೆ ಮನುಷ್ಯ, ಸಮುದ್ರದ ಬಗ್ಗೆ ಅವರಿಗೆ ಗೊತ್ತಿರುದರಲ್ಲಿ ಕಾಲು ಭಾಗವೂ ನನಗೆ ಗೊತ್ತಿಲ್ಲ, ರಾತ್ರಿ ಲೈಟಿಲ್ಲದೆ ಹಡಗು ಹೋಗುವ ದಾರಿಯಲ್ಲಿ ನಿಲ್ಲುದು ಎಷ್ಟು ಅಪಾಯ ಅಂತ ಗೊತ್ತಿದ್ದೇ ಅವರು 10 ಹಾಕಿದ್ರು, ಅದೂ ಹೋಯ್ತು ಅಂತ 20 ಹಾಕಿದ್ರು. ದಡಕ್ಕೆ ಬಂದಾಗ ಯಾರೋ ಮನೆಗೆ ಹಾಕುವ ಬ್ರೇಕರ್, ಅಂದ್ರೆ 32 ಆಂಪಿನ ಎಂಸಿಬಿ ಒಂದು ಕೂರಿಸಿ ಕೊಟ್ಟ. ಎಲ್ಲರಿಗೂ ಖುಷಿ, ಯಾಕಂದ್ರೆ ಅದು ಹೋಗುದೇ ಇಲ್ಲ. ಮುಂದಿನ ಟ್ರಿಪ್ಪಿನಲ್ಲಿ ಅಡುಗೆ ಮಾಡುವ ಹುಡುಗನಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಕ್ಯಾಬಿನಿನ ಪ್ಲೈವುಡ್ ಎಬ್ಬಿಸಿ ನೋಡಿದ್ರೆ ಆ ವಯರಿನ ಜೊತೆ ಕಟ್ಟಿದ್ದ ಬೇರೆ ವಯರುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ವು. ಬ್ಯಾಟರಿ ಸ್ವಿಚ್ ಆಫ್ ಮಾಡಿ ಟಾರ್ಚಲ್ಲೇ ವಾಪಸ್ ಬಂದ್ರು. ಆ ಹುಡುಗ ಮಲಗಿದ್ದಿದ್ರೆ ಅಂತ ನೆನೆಸಿದ್ರೆ ನನಗೆ ಈಗಲೂ ಸಂಕಟ ಆಗ್ತದೆ.

ಎಂಸಿಬಿ ಯಾಕೆ ಬೀಳಲಿಲ್ಲ, ಅಂದ್ರೆ ಯಾಕೆ ಕರೆಂಟ್ ಕಟ್ ಮಾಡಲಿಲ್ಲ? ಕೆಟ್ಟದ್ದಾ? ಅಲ್ಲ, ಕೆಟ್ಟಿರಲೇ ಇಲ್ಲ. ಲೆಕ್ಕ ನೋಡಿ. ಬೋಟು 12 ವೋಲ್ಟಿಂದು, ಮಾಸ್ಟಿಗೆ ಹೋದ ವಯರ್ 1.5 ಸ್ಕ್ವೇರ್ ಎಂಎಂ, ಉದ್ದ ಸುಮಾರು 15 ಮೀಟರ್ ಅಂತ ಇಟ್ಟುಕೊಳ್ಳಿ, ಹೋಗಿ ಬರುದು ಸೇರಿ 30 ಮೀಟರ್. ಈ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 13 ಮಿಲಿ ಓಮ್ ರೆಸಿಸ್ಟೆನ್ಸ್, 30 ಮೀಟರಿಗೆ 0.4 ಓಮ್. ಆ ತುದಿಯಲ್ಲಿ ವಯರ್ ಉಜ್ಜಿ ಪೂರ್ತಿ ಶಾರ್ಟ್ ಆಯ್ತು ಅಂದ್ರೂ 12ನ್ನು 0.4ರಿಂದ ಭಾಗಿಸಿದ್ರೆ 30 ಆಂಪ್ ಅಷ್ಟೇ ಹರಿಯುದು. 32 ಆಂಪಿನ ಎಂಸಿಬಿಗೆ 30 ಆಂಪ್ ಅಂದ್ರೆ ಮಾಮೂಲಿ ಲೋಡು, ಅದು ಇಡೀ ರಾತ್ರಿ ಸುಮ್ಮನೆ ಕೂತಿರ್ತದೆ, ಕೂತಿರ್ಲೇಬೇಕು, ಅದರ ಕೆಲಸವೇ ಅದು. ಆದ್ರೆ 1.5ರ ವಯರಿಗೆ, ಅದೂ ಇಂಜಿನ್ ರೂಮಿನ ಸೆಕೆಯಲ್ಲಿ ಹತ್ತು ವಯರಿನ ಕಟ್ಟಿನೊಳಗೆ, ನಾನಾದ್ರೆ 10 ಆಂಪಿಗಿಂತ ಜಾಸ್ತಿ ನಂಬುದಿಲ್ಲ. ಕರೆಂಟ್ ಎರಡು ಪಟ್ಟಾದ್ರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದ್ರೆ ಒಂಬತ್ತು ಪಟ್ಟು. ಇನ್ಸುಲೇಷನ್ ಕರಗದೆ ಎಂತ ಮಾಡುದು? ಅದೇ ಜಾಗದಲ್ಲಿ 5 ಆಂಪಿನ ಬ್ಲೇಡ್ ಫ್ಯೂಸ್ ಇದ್ದಿದ್ರೆ 30 ಆಂಪಿಗೆ ಅರ್ಧ ಸೆಕೆಂಡಿನೊಳಗೆ ಕಟ್ ಆಗ್ತಿತ್ತು. ಸರಿಯಾದ 5 ಆಂಪಿನ ಡಿಸಿ, ಅಂದ್ರೆ ಬ್ಯಾಟರಿ ಕರೆಂಟಿನ, ಬ್ರೇಕರ್ ಇದ್ದಿದ್ರೂ ಕೆಲವೇ ಸೆಕೆಂಡಿನಲ್ಲಿ ಬೀಳ್ತಿತ್ತು. ಅಂದ್ರೆ ಆ ಬೋಟನ್ನು ಬ್ರೇಕರ್ ಸುಟ್ಟದ್ದಲ್ಲ, ಅದರ ಮೇಲಿದ್ದ 32 ಅನ್ನುವ ನಂಬ್ರ ಸುಟ್ಟದ್ದು.

ಮನೆಯಲ್ಲಿ 230 ವೋಲ್ಟ್ ಇರ್ತದೆ, ಶಾರ್ಟ್ ಆದ್ರೆ ನೂರಾರು ಆಂಪ್ ಹರಿದು ಎಂಸಿಬಿ ಟಪ್ ಅಂತ ಬೀಳ್ತದೆ. ಬೋಟಿನಲ್ಲಿ 12, ಜಾಸ್ತಿ ಅಂದ್ರೆ 24. ಉದ್ದದ ತೆಳು ವಯರೇ ಶಾರ್ಟ್ ಕರೆಂಟನ್ನು ಹಿಡಿದು ನಿಲ್ಲಿಸಿ ತಾನೇ ಬಿಸಿಯಾಗ್ತದೆ. ಮನೆ ವಯರಿಂಗ್ ಮಾಡಿ ಕೈ ಪಳಗಿದವರು ಎಡವುದು ಇಲ್ಲೇ.

ಮತ್ತೆ 5 ಆಂಪಿನ ಫ್ಯೂಸ್ ಹೋಗ್ತಾ ಇದ್ದದ್ದು ಯಾಕೆ ಅಂತ ನೋಡಿದ್ರೆ, ಮಾಸ್ಟಿನ ಪೈಪಿನೊಳಗೆ ವಯರ್ ಇಳಿಯುವಲ್ಲಿ ಗ್ರಾಮೆಟ್ ಅನ್ನುವ ರಬ್ಬರ್ ಬಳೆ ಇರಲಿಲ್ಲ, ಅಲೆಗೆ ಅಲುಗಿ ಅಲುಗಿ ಕಬ್ಬಿಣಕ್ಕೆ ಉಜ್ಜಿ ತಾಮ್ರ ಕಾಣ್ತಿತ್ತು. ಹೆಚ್ಚಿನ ಬೋಟಲ್ಲಿ ಕಾರಣ ಹೀಗೆಯೇ ಇರ್ತದೆ. ತಿರುಚಿ ಟೇಪ್ ಸುತ್ತಿದ ಜಾಯಿಂಟಿಗೆ ಉಪ್ಪುನೀರು ಹೋಗಿರ್ತದೆ, ಒಂದೇ ಲೈನಿಗೆ ಮತ್ತೆರಡು ಫೋಕಸ್ ಲೈಟ್ ಸೇರಿಸಿರ್ತಾರೆ, ಇಲ್ಲಾ ಬೋಟಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿಗೆ ಬಲೆಯ ನೂಲು ಸಿಕ್ಕಿ ತಿರುಗದೆ ನಿಂತಿರ್ತದೆ. ಗಾಜಿನ ಫ್ಯೂಸಿನ ಹೋಲ್ಡರಿಗೆ ಹಸಿರು ಕಿಲುಬು ಹಿಡಿದ್ರೆ ಆ ಜಾಗವೇ ಬಿಸಿಯಾಗಿ ಲೋಡ್ ಕಡಿಮೆ ಇದ್ರೂ ಫ್ಯೂಸ್ ಹೋಗುದುಂಟು, ಅಂಥಲ್ಲಿ ಹೋಲ್ಡರ್ ಬದಲಿಸಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂರಿಸಿದ ಫ್ಯೂಸ್ ಈಗಲೂ ನನಗೆ ಸಿಗ್ತದೆ, ದಯವಿಟ್ಟು ಮಾಡ್ಬೇಡಿ ಮಾರಾಯ್ರೆ, ಒಳಗೆ ಮಲಗುವವರು ನಿಮ್ಮ ಮಕ್ಕಳೇ.

ಇನ್ನು ಮನೆಯ ಎಂಸಿಬಿಯ ವಿಷಯ. ಪೂರಾ ಬೇಡವೇ ಬೇಡ ಅಂತ ನಾನು ಹೇಳುದಿಲ್ಲ, ಕೆಲವು ಕಂಪನಿಗಳ ಡೇಟಾಶೀಟಿನಲ್ಲಿ ಒಂದು ಪೋಲಿಗೆ ಇಷ್ಟು ವೋಲ್ಟ್ ಡಿಸಿ ತಡೀತದೆ ಅಂತ ಕೊಟ್ಟಿರ್ತಾರೆ, ಹಾಗೆ ಬರೆದಿದ್ರೆ 24 ವೋಲ್ಟಿಗೆ ನಡೀಬಹುದು. ಬರೆದಿಲ್ಲ ಅಂದ್ರೆ ಹಾಕ್ಬೇಡಿ. ಮನೆಗೆ ಬರುವ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರ್ತದೆ, ಕಾಂಟ್ಯಾಕ್ಟ್ ಬಿಡುವಾಗ ಹುಟ್ಟಿದ ಕಿಡಿ, ಅಂದ್ರೆ ಆರ್ಕ್, ಆಗ ತಾನಾಗಿ ನಂದ್ತದೆ, ಡಿಸಿಗೆ ಆ ಸೊನ್ನೆಯೇ ಇಲ್ಲ. ಅದಲ್ಲದೆ ಶಾರ್ಟಿಗೆ ತಟ್ಟನೆ ಬೀಳುವ ಮ್ಯಾಗ್ನೆಟಿಕ್ ಟ್ರಿಪ್ಪಿಗೆ ಡಿಸಿಯಲ್ಲಿ ಸುಮಾರು 1.4 ಪಟ್ಟು ಜಾಸ್ತಿ ಕರೆಂಟ್ ಬೇಕು. ಸಿ ಕರ್ವ್ ಅನ್ನುವ ಬಗೆಯ ಎಂಸಿಬಿ ಎಸಿಯಲ್ಲೇ ತನ್ನ ರೇಟಿಂಗಿನ 5ರಿಂದ 10 ಪಟ್ಟಿಗೆ ತಟ್ಟನೆ ಬೀಳುದು, ಅಷ್ಟು ಕರೆಂಟ್ 12 ವೋಲ್ಟಿನ ಉದ್ದ ಲೈನಿನಲ್ಲಿ ಹುಟ್ಟುದೇ ಇಲ್ಲ ಅಂತ ಮೇಲೆ ನೋಡಿದ್ರಲ್ಲ.

ಬ್ಯಾಟರಿ ಹತ್ರ ಮಾತ್ರ ಕಥೆ ಉಲ್ಟಾ. ಅಲ್ಲಿ ದಪ್ಪ ಕೇಬಲ್, ಉದ್ದ ಕಡಿಮೆ, ಶಾರ್ಟ್ ಆದ್ರೆ ಸಾವಿರಾರು ಆಂಪ್ ಹರೀತದೆ. ಅಷ್ಟನ್ನು ಒಡೆಯದೆ, ಬೆಸುಗೆ ಆಗದೆ ಕತ್ತರಿಸುವ ತಾಕತ್ತು ಬೇಕು, ಅದನ್ನೇ ಬ್ರೇಕಿಂಗ್ ಕೆಪಾಸಿಟಿ ಅನ್ನುದು. ಎಂಸಿಬಿ ಮೇಲೆ ಸಣ್ಣ ಚೌಕದಲ್ಲಿ 6000 ಅಥವಾ 10000 ಅಂತ ಬರೆದಿರ್ತದೆ, ಅದನ್ನು ತೋರಿಸಿ ಸಾಕಲ್ಲ ಅಂತಾರೆ, ಅದು ಎಸಿಯ ಲೆಕ್ಕ. ಕಾರ್ ಆಡಿಯೋ ಅಂಗಡಿಯ ರಿಸೆಟ್ ಬಟನ್ ಇರುವ ಬ್ರೇಕರನ್ನು ಇಲ್ಲಿ ಕೂರಿಸ್ಲೇಬೇಡಿ. ನನ್ನ ಅಭಿಪ್ರಾಯದಲ್ಲಿ ಈ ಜಾಗ ಫ್ಯೂಸಿಗೇ ಸೇರಿದ್ದು, ಲೆಡ್ ಆಸಿಡ್ ಬ್ಯಾಟರಿಗೆ ಒಳ್ಳೆ ಎಎನ್ಎಲ್ ಫ್ಯೂಸ್, ಅದು 32 ವೋಲ್ಟ್ ತನಕ 6000 ಆಂಪ್ ಕತ್ತರಿಸ್ತದೆ. ಲಿಥಿಯಂ ಬ್ಯಾಟರಿ ಹಾಕಿಸಿದ್ರೆ ಕ್ಲಾಸ್ ಟಿ ಫ್ಯೂಸ್, ಅದರದ್ದು 20,000 ಆಂಪ್. ದುಬಾರಿ ಹೌದು, ಆದ್ರೆ ಲಿಥಿಯಂ ಬ್ಯಾಟರಿಗೆ ದುಡ್ಡು ಕೊಟ್ಟವರು ಇದಕ್ಕೆ ಹಿಂದೆ ಮುಂದೆ ನೋಡ್ಬಾರ್ದು. ಇದನ್ನು ಬ್ಯಾಟರಿ ಟರ್ಮಿನಲ್ಲಿಗೆ ಆದಷ್ಟು ಹತ್ತಿರ ಹಾಕಿ, ಅಮೆರಿಕದ ಬೋಟ್ ಸ್ಟ್ಯಾಂಡರ್ಡ್ ಹೇಳುದು 7 ಇಂಚು, ಜಾಗ ಇಲ್ಲದಿದ್ರೆ ಕೇಬಲಿಗೆ ಪೈಪ್ ಹಾಕಿ ಸ್ವಲ್ಪ ದೂರ ಒಯ್ಯಬಹುದು. ಪ್ಯಾನೆಲ್ಲಿನಲ್ಲಿ ಚಂದ ಚಂದದ ಬ್ರೇಕರ್ ಹಾಕಿ ಬ್ಯಾಟರಿಯಿಂದ ಪ್ಯಾನೆಲ್ಲಿನ ತನಕ ಬರುವ ಕೇಬಲಿಗೆ ಏನೂ ಇಲ್ಲದ ಬೋಟೇ ಜಾಸ್ತಿ. ಸ್ಟಾರ್ಟರ್ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸ್ ಹಾಕುದಿಲ್ಲ, ಆದಕಾರಣ ಅದು ಎಲ್ಲಿಯೂ ಉಜ್ಜದ ಹಾಗೆ ಕ್ಲಾಂಪ್ ಮಾಡ್ಬೇಕು.

ಕ್ಯಾಬಿನ್ ಪ್ಯಾನೆಲ್ಲಿಗೆ ನಾನು ಡಿಸಿ ಬ್ರೇಕರನ್ನೇ ಹೇಳುದು. ರಾತ್ರಿ ಅಲೆಯಲ್ಲಿ ಒದ್ದೆ ಕೈಯಲ್ಲಿ ಫ್ಯೂಸ್ ಹುಡುಕುದು ತಾಂಡೇಲರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಒಮ್ಮೆ ಬಿದ್ರೆ ಒಮ್ಮೆ ಎತ್ತಿ, ಮತ್ತೆ ಬಿದ್ರೆ ಆ ಲೈನ್ ಬಿಟ್ಟುಬಿಡಿ, ಕಾರಣ ಸಿಗುವ ತನಕ ಮುಟ್ಬೇಡಿ. ವೈರ್‌ಲೆಸ್, ಜಿಪಿಎಸ್, ಬಿಲ್ಜ್ ಪಂಪಿನವರು ತಮ್ಮ ಪುಸ್ತಕದಲ್ಲಿ ಫ್ಯೂಸ್ ಇಷ್ಟು ಅಂತ ಬರೆದಿರ್ತಾರೆ, ಅದು ಸಾಧನದ ಹತ್ರ ಬೇರೆಯೇ ಇರ್ಲಿ. ಪಂಪ್ ಸಿಕ್ಕಿಹಾಕಿಕೊಂಡಾಗ ಮೋಟರ್ ಉಳಿಸುದು ಅದೇ. ಪೆಟ್ರೋಲ್ ಟ್ಯಾಂಕ್ ಅಥವಾ ಗ್ಯಾಸ್ ಸಿಲಿಂಡರ್ ಇಡುವ ಜಾಗದಲ್ಲಿ ಕಿಡಿ ಬರುವ ಬ್ರೇಕರ್, ಸ್ವಿಚ್ ಎರಡೂ ಬೇಡ, ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ತಳದಲ್ಲೇ ನಿಲ್ತದೆ.

ಈಗ ಸೋಲಾರ್ ಅಂಗಡಿಯಿಂದ ಡಿಸಿ ಎಂಸಿಬಿ ತರುವವರು ಜಾಸ್ತಿಯಾಗಿದ್ದಾರೆ. ತನ್ನಿ, ಆದ್ರೆ ಮೈಮೇಲೆ ಪ್ಲಸ್ ಮೈನಸ್ ಗುರುತು ಉಂಟಾ ನೋಡಿ. ಗುರುತು ಇದ್ರೆ ಅದು ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಮಾತ್ರ ಸರಿಯಾಗಿ ಕತ್ತರಿಸುದು, ಉಲ್ಟಾ ಕನೆಕ್ಷನ್ ಕೊಟ್ರೆ ಆರ್ಕ್ ನಂದದೆ ಒಳಗೇ ಸುಟ್ಟುಹೋಗಬಹುದು. ಬ್ಯಾಟರಿ ಲೈನಿನಲ್ಲಿ ಚಾರ್ಜ್ ಆಗುವಾಗ ಒಂದು ದಿಕ್ಕು, ಖರ್ಚಾಗುವಾಗ ಇನ್ನೊಂದು ದಿಕ್ಕು, ಅಲ್ಲಿಗೆ ಗುರುತಿಲ್ಲದ್ದೇ ಆಗ್ಬೇಕು.

ಪ್ರತಿ ಬೋಟಿನ ವಯರಿಂಗ್ ಬೇರೆ, ನನ್ನ ಲೆಕ್ಕವನ್ನು ಹಾಗೇ ಎತ್ತಿ ಹಾಕ್ಬೇಡಿ, ವಯರ್ ಕಂಪನಿಯ ಟೇಬಲ್ ನೋಡಿ, ಗೊತ್ತಿದ್ದವರನ್ನು ಬೋಟಿಗೇ ಕರೆದು ತೋರಿಸಿ. ಫೋನ್ ಮಾಡುದಾದ್ರೆ ಜೂನಿನಲ್ಲೇ ಮಾಡಿ, ಮಾಡುವ ಮೊದಲು ಬ್ಯಾಟರಿ ಎಷ್ಟು ವೋಲ್ಟ್, ಯಾವ ಲೈನಿಗೆ ಎಷ್ಟು ದಪ್ಪದ ವಯರ್, ಎಷ್ಟು ಮೀಟರ್, ಅದರಲ್ಲಿ ಏನೇನು ಉರೀತದೆ, ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.