ಹನ್ನೆರಡು ಎಣಿಸಿ ಕೆಳಗಿಡುವ ಮುನ್ನ

"ಸಾರ್, ಐದು ರೆಪ್ಸ್ ಹೊಡೆದ್ರೆ ಪವರ್, ಹನ್ನೆರಡು ಹೊಡೆದ್ರೆ ಸೈಜ್, ಇಪ್ಪತ್ತೈದು ಹೊಡೆದ್ರೆ ಬರೀ ಬೆವರು. ಹೌದಾ?"

ಭುಜ ನೋವೆಂದು ಬಂದಿದ್ದ ಎಂಜಿನಿಯರಿಂಗ್ ಹುಡುಗನ ಪ್ರಶ್ನೆ ಇದು. ಜಿಮ್ಮಿನ ಟ್ರೈನರ್ ಹೇಳಿಕೊಟ್ಟ ಪಾಠವಂತೆ. ರೆಪ್ ಎಂದರೆ ತೂಕವನ್ನು ಒಂದು ಸಲ ಎತ್ತಿ ಇಳಿಸುವುದು; ನಡುವೆ ಬಿಡದೆ ಮಾಡುವ ರೆಪ್‌ಗಳ ಒಂದು ಸುತ್ತು ಒಂದು ಸೆಟ್. ಫಿಸಿಯೋಥೆರಪಿ ಓದುವಾಗ ನಾನೂ ಹೆಚ್ಚುಕಡಿಮೆ ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೇನೆ. ಈಗ ಕೇಳಿದರೆ ಅರ್ಧ ಮಾತ್ರ ಒಪ್ಪುತ್ತೇನೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 18 ಯುವಕರು, 10 ವಾರ, ಕೂತು ಕಾಲು ಚಾಚುವ ಯಂತ್ರ. ಒಂದೇ ಒಂದು ಸಲ ಎತ್ತಲು ಸಾಧ್ಯವಾಗುವ ಗರಿಷ್ಠ ತೂಕ ಎಷ್ಟೆಂದು ಮೊದಲು ಅಳೆದರು. ಕೆಲವು ಕಾಲುಗಳಿಗೆ ಅದರ ಶೇ. 80ರಷ್ಟು ಭಾರ, ಕೆಲವಕ್ಕೆ ಬರೀ ಶೇ. 30. ಷರತ್ತು ಒಂದೇ: ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಎತ್ತಬೇಕು. ಮೂರು ಮೂರು ಸೆಟ್ ಮಾಡಿದ ಎರಡೂ ಗುಂಪಿನಲ್ಲಿ ತೊಡೆ ಬೆಳೆದದ್ದು ಹತ್ತಿರ ಹತ್ತಿರ ಒಂದೇ ಸಮ. ಆದರೆ ಗರಿಷ್ಠ ತೂಕ ಎತ್ತುವ ಶಕ್ತಿಯಲ್ಲಿ ಭಾರದವರೇ ಮುಂದು. ಪವರ್ ಬೇಕಾದರೆ ಭಾರವನ್ನೇ ಎತ್ತಬೇಕು ಎಂಬ ಮಟ್ಟಿಗೆ ಟ್ರೈನರ್ ಸರಿ.

ಹಗುರ ತೂಕಕ್ಕೂ ಸ್ನಾಯು ಬೆಳೆಯುವುದು ಹೇಗೆ? ಭತ್ತದ ಕೊಯ್ಲು ನೆನೆಸಿಕೊಳ್ಳಿ. ಮೊದಲು ಮನೆಯವರು ಗದ್ದೆಗೆ ಇಳಿಯುತ್ತಾರೆ. ಕೆಲಸ ಸಾಗದಿದ್ದರೆ ಆಮೇಲೆ ಮುಯ್ಯಾಳುಗಳನ್ನು ಕರೆಯುತ್ತಾರೆ. ನರಗಳೂ ಹಾಗೇ. ಸ್ನಾಯುವಿನ ಸಣ್ಣ, ಬೇಗ ದಣಿಯದ ಎಳೆಗಳಿಗೆ ಮೊದಲ ಕರೆ; ಅವು ಸೋತ ಮೇಲೆ ದೊಡ್ಡ ಎಳೆಗಳಿಗೆ. ಹೆಚ್ಚು ದಪ್ಪವಾಗಬಲ್ಲವು ಈ ದೊಡ್ಡವೇ. ಭಾರ ಎತ್ತಿದರೆ ಅವು ಮೊದಲ ರೆಪ್‌ಗೇ ಬರುತ್ತವೆ, ಹಗುರವಾದರೆ ಕೊನೆಕೊನೆಗೆ. ಹಾಗಂತ ನೀರಿನ ಬಾಟಲಿ ಎತ್ತುತ್ತ ಕೂತರೆ ಆಗದು, ಗರಿಷ್ಠದ ಶೇ. 20ಕ್ಕೆ ಇಳಿದರೆ, ಸುಸ್ತಾಗುವವರೆಗೆ ಮಾಡಿದರೂ ಬೆಳವಣಿಗೆ ಎದ್ದು ಕಾಣುವಂತೆ ಕುಗ್ಗುತ್ತದೆ.

ಈ "ಕೊನೆ" ಎಲ್ಲಿದೆ ಎಂದು ನನಗೆ ಚೆನ್ನಾಗಿ ತೋರಿಸಿಕೊಟ್ಟವರು ನಿವೃತ್ತ ಶಿಕ್ಷಕಿಯೊಬ್ಬರು. ಮಂಡಿ ನೋವಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಕಾಲು ಚಾಚಿಸುತ್ತಿದ್ದೆ. ಹದಿನಾಲ್ಕರವರೆಗೂ ಸೊಸೆಯ ಕೆಲಸದ ವರ್ಗಾವಣೆ ವಿಷಯ ಸಾಂಗವಾಗಿ ನಡೆಯಿತು. ಹದಿನೇಳಕ್ಕೆ ಮಾತು ನಿಂತಿತು. ಹತ್ತೊಂಬತ್ತಕ್ಕೆ ಬ್ಯಾಂಡ್ ಸಣ್ಣಗೆ ನಡುಗಿತು, ಕಾಲು ತಾನಾಗಿ ನಿಧಾನವಾಯಿತು. "ಇನ್ನೆಷ್ಟು ಆಗಬಹುದು, ಅಮ್ಮಾ?" "ಇನ್ನೊಂದೆರಡು ಆಗ್ಬಹುದೇನೋಪ್ಪಾ." ಸಾಕು, ಇಳಿಸಿ ಅಂದೆ. ಪ್ರತಿ ಸೆಟ್ಟಿನಲ್ಲೂ ಪೂರ್ತಿ ಕುಸಿಯಬೇಕಾಗಿಲ್ಲ. ಇನ್ನೆರಡು ಮೂರು ಬಾಕಿ ಇರುವಾಗ ನಿಲ್ಲಿಸಿದರೂ ಸ್ನಾಯುವಿಗೆ ವಿಷಯ ಮುಟ್ಟಿರುತ್ತದೆ.

ಗರಡಿಯಲ್ಲಿ ಸಾಮು ಮಾಡಿದವರೂ ನನ್ನ ಹತ್ತಿರ ಬರುತ್ತಾರೆ. ದಿನಕ್ಕೆ ಐನೂರು ಬಸ್ಕಿ ಹೊಡೀತೀನಿ, ತೊಡೆ ಮಾತ್ರ ಇದ್ದಲ್ಲೇ ಇದೆ ಎನ್ನುವವರಿದ್ದಾರೆ. ಐನೂರನ್ನು ಹರಟೆ ಹೊಡೆಯುತ್ತ ಮುಗಿಸಬಲ್ಲವರಿಗೆ ಅದು ದಮ್ಮಿನ ಕಸರತ್ತು. ದೊಡ್ಡ ಎಳೆಗಳಿಗೆ ಕರೆಯೇ ಹೋಗಿರುವುದಿಲ್ಲ. ಹಳೆಯ ಉಸ್ತಾದರಿಗೆ ಇದಕ್ಕೆ ಮದ್ದು ಗೊತ್ತಿತ್ತು. ಬಸ್ಕಿ ಸಲೀಸಾದವನ ಹೆಗಲ ಮೇಲೆ ಇನ್ನೊಬ್ಬ ಹುಡುಗನನ್ನು ಕೂರಿಸುತ್ತಿದ್ದರು. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಗಾಯಾಳು ಸೈನಿಕರ ಕಾಲಿಗೆ ಹಂತಹಂತವಾಗಿ ತೂಕ ಏರಿಸುವ ಕ್ರಮವನ್ನು 1945ರಲ್ಲಿ ಪ್ರಕಟಿಸಿದರು. ಇವತ್ತಿನ "ಹತ್ತರ ಮೂರು ಸೆಟ್" ಬಂದದ್ದು ಆ ಮನೆತನದಿಂದಲೇ.

ಜಿಮ್ಮಿಗೆ ಹೋಗುವವರು ಹೆಚ್ಚಾಗಿ ಲೆಕ್ಕಕ್ಕೇ ಇಟ್ಟುಕೊಳ್ಳದ ಸಂಗತಿ ಇನ್ನೊಂದಿದೆ: ಸ್ನಾಯು ಹಿಗ್ಗಿರುವಾಗ ಭಾರ ಬೀಳುತ್ತಿದೆಯೋ ಇಲ್ಲವೋ ಎಂಬುದು. ಜಪಾನಿನಲ್ಲಿ 12 ವಾರ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕಾಲನ್ನು ಕೂತು ಮಡಚುವ ಯಂತ್ರದಲ್ಲಿ, ಇನ್ನೊಂದನ್ನು ಬೋರಲು ಮಲಗಿ ಮಡಚುವ ಯಂತ್ರದಲ್ಲಿ ಪಳಗಿಸಿದರು. ತೊಡೆಯ ಹಿಂಬದಿ ಸ್ನಾಯು ಕೂತದ್ದರಲ್ಲಿ ಶೇ. 14, ಮಲಗಿದ್ದರಲ್ಲಿ ಶೇ. 9 ಬೆಳೆಯಿತು. ಕೂತಾಗ ಸೊಂಟ ಬಾಗಿ ಆ ಸ್ನಾಯು ಮೊದಲೇ ಹಿಗ್ಗಿರುತ್ತದೆ, ಅಷ್ಟೇ ವ್ಯತ್ಯಾಸ. ಡಂಬೆಲ್ಲನ್ನು ಅರ್ಧದವರೆಗೆ ಇಳಿಸಿ ಮತ್ತೆ ಮೇಲೆತ್ತುವವರು ಬೆಳೆಯುವ ಭಾಗವನ್ನೇ ಬಿಟ್ಟುಕೊಡುತ್ತಿದ್ದಾರೆ. ರಬ್ಬರ್ ಬ್ಯಾಂಡಿನ ದೌರ್ಬಲ್ಯವೂ ಇಲ್ಲೇ: ಶುರುವಿಗೆ ಸಡಿಲ, ಕೊನೆಗೆ ಬಿಗಿ. ಸ್ವಲ್ಪ ಎಳೆದುಕೊಂಡೇ ಶುರು ಮಾಡಿಸುತ್ತೇನೆ.

ತೋಳಿಗೆ ಪಟ್ಟಿ ಬಿಗಿದು ರಕ್ತದ ಓಟ ತಗ್ಗಿಸಿ ಹಗುರ ತೂಕ ಎತ್ತಿಸುವ ಜಪಾನಿನ ಕಾತ್ಸು ಪದ್ಧತಿಯೂ ಕೆಲಸ ಮಾಡುತ್ತದೆ. ವಿಡಿಯೋ ನೋಡಿ ಮನೆಯಲ್ಲಿ ಹಗ್ಗ ಕಟ್ಟಿಕೊಳ್ಳಬೇಡಿ, ದಯವಿಟ್ಟು.

ಇನ್ನು, "ಎರಡು ತಿಂಗಳಾಯ್ತು, ತೂಕ ಏರಿದೆ, ಸೈಜ್ ಬಂದಿಲ್ಲ" ಎನ್ನುವವರಿಗೆ ನಾನು ಹೇಳುವುದು ಬೋಸ್ಟನ್ನಿನ ಅಜ್ಜ ಅಜ್ಜಿಯರ ಕತೆ. ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದ ಈ ಅಧ್ಯಯನ ಪ್ರಕಟವಾದದ್ದು 1990ರಲ್ಲಿ. ಪೂರ್ತಿ ಮುಗಿಸಿದ 9 ಮಂದಿಯ ಕಾಲಿನ ಶಕ್ತಿ ಸರಾಸರಿ ಶೇ. 174 ಏರಿತು, ತೊಡೆಯ ಸ್ನಾಯುವಿನ ಗಾತ್ರ ಶೇ. 9ರಷ್ಟು. ನರಗಳು ಬೇಗ ಕಲಿಯುತ್ತವೆ, ಮಾಂಸ ನಿಧಾನ. ಒಂದೊಂದು ಸ್ನಾಯುವಿಗೆ ವಾರಕ್ಕೆ ಸುಮಾರು ಹತ್ತು ಸೆಟ್, ಹೊಟ್ಟೆಗೆ ಬೇಕಾದಷ್ಟು ಪ್ರೋಟೀನ್, ನಿದ್ದೆ ಇದ್ದರೆ ಅದೂ ಬರುತ್ತದೆ.

ಆ ಹುಡುಗನಿಗೆ ಭುಜ ವಾಸಿಯಾಗುವವರೆಗೆ ಭಾರ ಬೇಡವೆಂದು ಐದು ಕೆಜಿಯ ಡಂಬೆಲ್ ಕೊಟ್ಟೆ. ಹನ್ನೆರಡಕ್ಕೆ ಕೆಳಗಿಟ್ಟ.

"ಯಾಕಪ್ಪಾ, ಆಗಲಿಲ್ವಾ?"

"ಆಗ್ತಿತ್ತು ಸಾರ್. ಹನ್ನೆರಡಾಯ್ತಲ್ಲ."

ಎರಡು ನಿಮಿಷ ಬಿಟ್ಟು ಮತ್ತೆ ಎತ್ತಿಸಿದೆ. ಎಣಿಸಬೇಡ ಅಂದೆ. ಇಪ್ಪತ್ತಾರರ ಹತ್ತಿರ ಅವನ ಮುಖ ಕೆಂಪಾಯಿತು, ತೋಳು ತೆವಳತೊಡಗಿತು.