ಸೂತ್ರ ಗೊತ್ತು, ಉತ್ತರ ಮಾತ್ರ ತಪ್ಪು: ಬೆಲೆ ಹಾಕುವಾಗ ಎಡವುವುದು ಎಲ್ಲಿ?

ಸೂತ್ರ ಬಾಯಿಗೆ ಬರುತ್ತದೆ. ಕೂಡಿದ್ದು, ಗುಣಿಸಿದ್ದು ಕೂಡ ಸರಿ. ಆದರೂ ಉತ್ತರ ತಪ್ಪು. ನನ್ನ ಹಳೆಯ ನೋಟ್‌ಬುಕ್ ತೆಗೆದು ತಪ್ಪಾದ ಲೆಕ್ಕಗಳನ್ನು ಒಂದೊಂದಾಗಿ ನೋಡಿದೆ. ಜಾಸ್ತಿ ತಪ್ಪು ಆಗಿದ್ದು ಒಂದೇ ಹಂತದಲ್ಲಿ: ಅಕ್ಷರ ತೆಗೆದು ಆ ಜಾಗಕ್ಕೆ ಸಂಖ್ಯೆ ಹಾಕುವಾಗ. ಪಠ್ಯಪುಸ್ತಕದಲ್ಲಿ ಇದನ್ನೇ ‘ಬೆಲೆ ಆದೇಶಿಸುವುದು’ ಅನ್ನುತ್ತಾರೆ. ಈ ಟಿಪ್ಪಣಿ ಆ ಒಂದು ಹಂತದ ಬಗ್ಗೆ.

ಮೊದಲು ಆವರಣ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಬಿಎಂಐ ಸೂತ್ರ ನೋಡಿ:

ಬಿಎಂಐ = ತೂಕ ÷ (ಎತ್ತರ)²

ತೂಕ ಕಿಲೋಗ್ರಾಂನಲ್ಲಿ, ಎತ್ತರ ಮೀಟರ್‌ನಲ್ಲಿ ಇರಬೇಕು. ತೂಕ 64, ಎತ್ತರ 1.6 ಅಂದುಕೊಳ್ಳಿ. 1.6 × 1.6 = 2.56. 64 ÷ 2.56 = 25. ಈಗ ಇದನ್ನೇ ಕ್ಯಾಲ್ಕುಲೇಟರ್‌ನಲ್ಲಿ 64 ÷ 1.6 × 1.6 ಎಂದು ಒತ್ತಿ. 64 ಬರುತ್ತದೆ! ಹಾಕಿದ ತೂಕವೇ ವಾಪಸ್ ಬಂತು. ಯಾಕೆ? ಭಾಗಾಕಾರ, ಗುಣಾಕಾರ ಎರಡಕ್ಕೂ ಸಮಾನ ಸ್ಥಾನ. ಎಡದಿಂದ ಬಲಕ್ಕೆ ಬಂದ ಹಾಗೆ ಮಾಡುತ್ತಾ ಹೋಗಬೇಕು. ಲೆಕ್ಕದ ಕ್ರಮ ನೆನಪಿಡಲು ಬೋಡ್ಮಾಸ್ ಎಂದು ಕಲಿತ ನಮ್ಮಲ್ಲಿ ಎಷ್ಟೋ ಜನ ಭಾಗಾಕಾರವೇ ಯಾವಾಗಲೂ ಮೊದಲು ಅಂದುಕೊಂಡಿದ್ದೇವೆ. ಹಾಗಿಲ್ಲ. ಕಾಗದದ ಮೇಲೆ ಭಿನ್ನರಾಶಿಯ ಗೆರೆಯ ಕೆಳಗೆ ಬರೆದದ್ದೆಲ್ಲ ತಾನಾಗಿ ಒಂದು ಗುಂಪು. ಅದನ್ನು ಒಂದೇ ಸಾಲಿಗೆ ತಂದರೆ ಆ ಗುಂಪಿಗೆ ನಾವೇ ಆವರಣ ಹಾಕಬೇಕು: 64 ÷ (1.6 × 1.6).

ಋಣ ಚಿಹ್ನೆ ಬಂದಾಗ ಇನ್ನೂ ಹುಷಾರಾಗಿರಬೇಕು. ಗಣಿತದ ರೂಢಿಯಲ್ಲಿ −3² ಅಂದರೆ −9, (−3)² ಅಂದರೆ 9. ಆದರೆ ಎಕ್ಸೆಲ್‌ನಲ್ಲಿ =-3^2 ಎಂದು ಹಾಕಿದರೆ (^ ಅಂದರೆ ಘಾತ) 9 ಬರುತ್ತದೆ. ಪೈಥಾನ್‌ನಲ್ಲಿ (ಇದು ಪ್ರೋಗ್ರಾಮಿಂಗ್ ಭಾಷೆ, ಇಲ್ಲಿ ಘಾತಕ್ಕೆ ** ಬಳಸುತ್ತಾರೆ) -3**2 ಎಂದರೆ −9. ಯಾವ ಯಂತ್ರ ಏನು ಮಾಡುತ್ತದೆ ಎಂದು ನೆನಪಿಡುವುದಕ್ಕಿಂತ, ಹಾಕುವ ಪ್ರತಿ ಸಂಖ್ಯೆಗೂ ಆವರಣ ಹಾಕುವುದು ಸುಲಭ. ಬೇಡದ ಕಡೆ ಹಾಕಿದರೂ ನಷ್ಟ ಇಲ್ಲ, ಅಲ್ವಾ?

ಎರಡನೆಯದು ಏಕಮಾನ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯದ ಜಾಗ. ಆವರಣ ತಪ್ಪಿದರೆ ಉತ್ತರ ಎಷ್ಟೋ ಸಲ ವಿಚಿತ್ರವಾಗಿ ಬರುತ್ತದೆ, ಕಣ್ಣಿಗೆ ಬೀಳುತ್ತದೆ. ಏಕಮಾನ ತಪ್ಪಿದರೆ ಉತ್ತರ ನಂಬುವ ಹಾಗೆಯೇ ಇರಬಹುದು. 1983ರ ಜುಲೈನಲ್ಲಿ ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನಕ್ಕೆ ಆದದ್ದು ಇದೇ. ಪ್ರಯಾಣಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿ ಇದ್ದದ್ದು 7,682 ಲೀಟರ್. ಸೂತ್ರ ತೀರಾ ಸರಳ:

ತೂಕ = ಲೀಟರ್ × ಒಂದು ಲೀಟರಿನ ತೂಕ

ಒಂದು ಲೀಟರಿಗೆ ಸುಮಾರು 0.8 ಕಿಲೋಗ್ರಾಂ ಎಂದು ಹಾಕಬೇಕಿತ್ತು. ಹಾಕಿದ್ದು 1.77. ಅದು ಪೌಂಡ್ ಲೆಕ್ಕ. ಹಾಗಾಗಿ ಸುಮಾರು 6,170 ಕಿಲೋಗ್ರಾಂ ಇದ್ದ ಕಡೆ 13,597 ಇದೆ ಎಂದು ಲೆಕ್ಕ ಬಂತು. ಸುಮಾರು 20,000 ಲೀಟರ್ ತುಂಬಿಸುವ ಬದಲು 5,000 ಲೀಟರಿಗಿಂತ ಕಡಿಮೆ ತುಂಬಿಸಿದರು. ನಡು ಆಕಾಶದಲ್ಲಿ ಇಂಧನ ಮುಗಿಯಿತು. ಪೈಲಟ್‌ಗಳು ಇಂಜಿನ್ ಇಲ್ಲದೆಯೇ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಗುಣಾಕಾರ ಸರಿಯಾಗಿಯೇ ಇತ್ತು ಎಂಬುದನ್ನು ಗಮನಿಸಿ. ಸಂಖ್ಯೆಯ ಪಕ್ಕ ‘ಪೌಂಡ್/ಲೀಟರ್’ ಎಂದು ಬರೆದಿದ್ದರೆ, ಉತ್ತರ ಪೌಂಡ್‌ನಲ್ಲಿ ಬಂದಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಅದಕ್ಕೇ ಏಕಮಾನವನ್ನು ಪ್ರತಿ ಹಂತದಲ್ಲೂ ಬರೆಯಿರಿ, ಕೊನೆಗೆ ಸುಮ್ನೆ ಅಂಟಿಸಬೇಡಿ.

ಚಕ್ರಬಡ್ಡಿಯಲ್ಲೂ ಇದೇ ಕಥೆ. ಮೊತ್ತ = ಅಸಲು × (1 + ದರ)^ವರ್ಷ. ದರ ಶೇಕಡಾ 8 ಇದ್ದರೆ ಹಾಕಬೇಕಾದ್ದು 0.08. 9 ವರ್ಷಕ್ಕೆ (1.08)^9 ಅಂದರೆ ಸುಮಾರು 1.999. ಹಣ ಹತ್ತಿರ ಹತ್ತಿರ ಎರಡರಷ್ಟು. ಇದನ್ನು ಮೊದಲೇ ಅಂದಾಜು ಮಾಡಬಹುದು: 72ನ್ನು ಬಡ್ಡಿದರದಿಂದ ಭಾಗಿಸಿದರೆ, ಹಣ ಎರಡರಷ್ಟಾಗಲು ಬೇಕಾಗುವ ವರ್ಷ ಸುಮಾರಾಗಿ ಸಿಗುತ್ತದೆ. 72 ÷ 8 = 9. ದರ ತಿಂಗಳ ಲೆಕ್ಕದಲ್ಲಿದ್ದರೆ ಕಾಲವೂ ತಿಂಗಳಲ್ಲೇ ಇರಬೇಕು.

ಅಂದಾಜು ಇನ್ನೊಂದು ಕಡೆಯೂ ಕೈಹಿಡಿಯುತ್ತದೆ. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್. ಸೆಲ್ಸಿಯಸ್‌ಗೆ ತರಲು (104 − 32) × 5/9 = 40. ಆವರಣ ಬಿಟ್ಟು 104 − 32 × 5/9 ಮಾಡಿದರೆ 86 ದಾಟುತ್ತದೆ. 100ಕ್ಕೆ ನೀರು ಕುದಿಯುತ್ತದೆ, ಮೈ 86 ಡಿಗ್ರಿ ಇರಲು ಸಾಧ್ಯವೇ ಇಲ್ಲ.

ಈ ಸೂತ್ರವನ್ನು ತಿರುಗಿಸಿದಾಗ ಎಲ್ಲಿ 9/5, ಎಲ್ಲಿ 5/9 ಎಂದು ಗೊಂದಲವಾದರೆ −40 ಹಾಕಿ ನೋಡಿ. 9/5 × (−40) = −72. ಅದಕ್ಕೆ 32 ಕೂಡಿದರೆ −40. ಎರಡೂ ಅಳತೆ ಸೇರುವುದು ಅಲ್ಲಿ ಮಾತ್ರ. ನೀವು ಬರೆದ ಸೂತ್ರಕ್ಕೆ −40 ಹಾಕಿದಾಗ −40 ಬರದಿದ್ದರೆ, ಭಿನ್ನರಾಶಿ ಅದಲುಬದಲಾಗಿದೆಯೋ, 32 ತಪ್ಪು ಕಡೆ ಕೂತಿದೆಯೋ ಎಂದು ಮತ್ತೆ ನೋಡಿ.